ಮುಚ್ಚಳಿಕೆಯ ಮರುದಿನ

ಮಾಗಡಿ ತಾಲ್ಲೂಕಿನ ಕಲ್ಯ ಈಗ ಸಣ್ಣ ಊರು. ಆರೂವರೆ ಶತಮಾನದ ಹಿಂದೆ ಅದು ಕಲ್ಲೆಹ ಎಂಬ ಪಟ್ಟಣವಾಗಿತ್ತು. ಜೈನ ಶ್ರಾವಕರು, ಸೆಟ್ಟಿಗಳು ಅಲ್ಲಿ ಬಾಳುತ್ತಿದ್ದರು. ವೀರಶೈವರ ನೆಲೆಯೆಂದೂ ಅದಕ್ಕೆ ಹೆಸರಿದೆ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಇಲ್ಲಿಯೇ ಎಂದು ನಂಬುವವರಿದ್ದಾರೆ. ಆದರೆ ಶಾಸನ ಓದುವವರಿಗೆ ಕಲ್ಯ ಎಂದೊಡನೆ ನೆನಪಾಗುವುದು ಒಂದು ತೀರ್ಪು. ಶಕವರ್ಷ 1290, ಎಂದರೆ ಕ್ರಿ.ಶ. 1368ರಲ್ಲಿ ವಿಜಯನಗರದ ಬುಕ್ಕರಾಯ ಕೊಟ್ಟದ್ದು. ಅದರ ಒಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ, ಇನ್ನೊಂದು ಕಲ್ಯದಲ್ಲಿ ಸಿಕ್ಕಿತು.

ತಗಾದೆ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ನಡುವೆ. ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ರಾಯನಿಗೆ ಬಿನ್ನಹ ಮಾಡಿಕೊಂಡರು. ರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರನ್ನು ಸೇರಿಸಿದ. ಹದಿನೆಂಟು ನಾಡಿನ ಶ್ರೀವೈಷ್ಣವರು ಬಂದರು. ಕೆಳಗಿನವರೆಂದು ಎಣಿಸಲಾಗಿದ್ದ ತಿರುಕುಲ, ಜಾಂಬವಕುಲದವರ ಹೆಸರೂ ಆ ಪಟ್ಟಿಯಲ್ಲಿದೆ. ಎಲ್ಲರೆದುರು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ. ಪಂಚಮಹಾವಾದ್ಯ, ಕಳಶ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದು ಎಂದು ಕಟ್ಟು ಮಾಡಿದ.

ಶಾಲೆಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ರಾಜ ಕೈ ಹಿಡಿಸಿದ, ಜಗಳ ತೀರಿತು, ಸೌಹಾರ್ದಕ್ಕೆ ಒಂದು ಉದಾಹರಣೆ ಸಿಕ್ಕಿತು. ನನಗೆ ಆಸಕ್ತಿ ಹುಟ್ಟಿಸಿದ್ದು ಅದರ ಮುಂದಿನ ಸಾಲುಗಳು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಆ ಹಣದಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಬೇಕಾದವರು ಶ್ರೀವೈಷ್ಣವರೇ. ಮುರಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು. ಕೊನೆಯಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬರುತ್ತಾನೆ. ಅವನು ರಾಯನಿಗೆ ಬಿನ್ನೈಸಿ, ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದ. ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕನ ಪದವಿ ಕೊಟ್ಟರು.

ದೂರು ಯಾರದು, ಸಭೆಯಲ್ಲಿ ಯಾರಿದ್ದರು, ಹಕ್ಕು ಏನು, ಕಾವಲು ಯಾರು, ದುಡ್ಡು ಎಲ್ಲಿಂದ, ಮೇಲ್ವಿಚಾರಣೆ ಯಾರದು, ತಪ್ಪಿದರೆ ಏನು ಎಂಬುದೆಲ್ಲ ಒಂದೇ ಕಲ್ಲಿನಲ್ಲಿದೆ. ಸಮಾಜಕಾರ್ಯದ ವಿದ್ಯಾರ್ಥಿ ಇದನ್ನು ಓದಿದರೆ ಹಳೆಯ ಕೇಸ್ ಫೈಲು ಸಿಕ್ಕಂತೆ ಬೆಚ್ಚಿಬೀಳಬೇಕು. ನಮ್ಮ ಇವತ್ತಿನ ಎಷ್ಟೋ ಫೈಲುಗಳಲ್ಲಿ ಕೈ ಹಿಡಿಸಿದ ಪುಟವಿರುತ್ತದೆ, ಆಳು ನೇಮಿಸಿದ ಪುಟ ಇರುವುದಿಲ್ಲ.

ಹಾಗೆಂದು ಇದನ್ನು ಹೊಗಳಿ ಕೈಬಿಡುವಂತಿಲ್ಲ. ಅನ್ಯಾಯಕ್ಕೆ ಒಳಗಾದವರು ಜೈನರು, ಕಾವಲಿನ ಹಣ ಕೊಟ್ಟವರೂ ಜೈನರೇ. ಶಾಸನ ಆರಂಭವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಅವರನ್ನು ಪಾಷಂಡವೆಂಬ ಕಡಲಿಗೆ ಬಡಬಾಗ್ನಿ ಎಂದು ಕೊಂಡಾಡುವ ಶ್ಲೋಕ ಅದು. ಜೈನರನ್ನು ಕಾಪಾಡುವ ಆಜ್ಞೆಯ ನೆತ್ತಿಯ ಮೇಲೆಯೇ ಪರಮತವನ್ನು ಸುಡುವ ಬೆಂಕಿ. ಯಾವ ತೀರ್ಮಾನವೂ ಬಲದ ಲೆಕ್ಕಾಚಾರದಿಂದ ಹೊರಗೆ ನಿಂತು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬುಕ್ಕರಾಯ ಬಲ್ಲವನು. ಬಲಿಷ್ಠ ಪಕ್ಷದ ಮರ್ಯಾದೆ ಕಳೆಯದೆ ಅವರ ಹೆಗಲಿಗೇ ಹೊಣೆ ಹೊರಿಸಿದ. ಆ ಜಾಣತನಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳುವುದು ನಮ್ಮ ಕೆಲಸ.

ಈಗ ಅದೇ ಮಾಗಡಿ ಸೀಮೆಯ ಇವತ್ತಿನ ಒಂದು ಸಂದರ್ಭ ಊಹಿಸಿಕೊಳ್ಳಿ. ಹದಿನೇಳು ದಾಟಿದ ಹುಡುಗಿ. ಚಪ್ಪರ ಹಾಕಿದೆ, ಬೀಗರಿಗೆ ಹೇಳಿ ಆಗಿದೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪೊಲೀಸರು, ಅಂಗನವಾಡಿ ಕಾರ್ಯಕರ್ತೆ, ಜೊತೆಗೆ ಒಂದು ಸಂಸ್ಥೆಯ ಸಮಾಜಕಾರ್ಯಕರ್ತೆ ಮನೆಗೆ ಬಂದರು. ಹುಡುಗಿಯ ತಾಯಿ ಅಳುವುದಿಲ್ಲ, ಕೇಳುತ್ತಾಳೆ: “ಹದಿನೆಂಟು ತುಂಬೋಕೆ ಇನ್ನ ಐದೇ ತಿಂಗ್ಳು ಐತೆ ಮೇಡಂ. ಈ ಗಂಡು ಕೈತಪ್ಪೋದ್ರೆ ನಾಳೆ ನೀವ್ ಬಂದು ಮಾಡ್ಕೊಡ್ತೀರಾ?” ಒಂದು ಗಂಟೆಯ ಮಾತುಕತೆ. ಕಡೆಗೆ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು, ಹುಡುಗಿಯನ್ನು ಮನೆಯವರ ವಶಕ್ಕೇ ಬಿಟ್ಟು ಜೀಪು ಹೊರಡುತ್ತದೆ. ಮರುದಿನ ಪತ್ರಿಕೆಯಲ್ಲಿ ಬಾಲ್ಯವಿವಾಹ ತಡೆದ ಸುದ್ದಿ ಬರುತ್ತದೆ.

ಮುಚ್ಚಳಿಕೆ ಕೆಟ್ಟದ್ದಲ್ಲ. ಊರಿನೆದುರು ಹಾಕಿದ ಸಹಿಗೆ ಹಳ್ಳಿಯಲ್ಲಿ ತೂಕವಿದೆ. ಆದರೆ ಆ ಕಾಗದದ ಆಚೆಗೆ ಏನಿದೆ? ಮದುವೆ ಬೇರೆ ತಾಲ್ಲೂಕಿನ ಯಾವುದೋ ದೇವಸ್ಥಾನಕ್ಕೆ ಹೋಗುತ್ತದೆಯೇ ಎಂದು ನೋಡುವವರಾರು? ಹುಡುಗಿ ಕಾಲೇಜಿಗೆ ಮರಳಿದಳೇ? ದೂರು ಕೊಟ್ಟದ್ದು ಅವಳೇ ಎಂಬ ಗುಮಾನಿಯಲ್ಲಿ ಮನೆಯಲ್ಲಿ ಅವಳಿಗೆ ಏನಾಗುತ್ತಿದೆ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಅದನ್ನು ಮೀರಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಕರ್ನಾಟಕವಂತೂ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ್ ಸಮಿತಿ 2011ರಲ್ಲೇ ರಾಜ್ಯಕ್ಕೆ ದಾರಿ ಹಾಕಿಕೊಟ್ಟಿತ್ತು. ಕಾನೂನಿನ ಕೊರತೆಯಿಲ್ಲ. ಆ ಅಂಗಳದಲ್ಲಿ ನಿಂತ ಸಮಾಜಕಾರ್ಯಕರ್ತೆ ತೀರ್ಮಾನಿಸಬೇಕಾದದ್ದು ಬೇರೆ: ಈ ಮನೆಗೆ ಮುಚ್ಚಳಿಕೆ ಸಾಕೇ, ತಡೆಯಾಜ್ಞೆ ಬೇಕೇ, ಇಲ್ಲ ಹುಡುಗಿಯನ್ನು ಈಗಲೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕೇ?

ಉತ್ತರ ಹುಡುಗಿಯ ಬಾಯಿಂದ ಬರಬೇಕು, ಅದೂ ಅಪ್ಪ ಅಮ್ಮ ಪೊಲೀಸರ ಎದುರಲ್ಲಿ ಅಲ್ಲ. ಹಿತ್ತಲಿಗೋ ಪಕ್ಕದ ಮನೆಗೋ ಕರೆದುಕೊಂಡು ಹೋಗಿ ಕೂರಿಸಿ, ಈ ರಾತ್ರಿ ಈ ಮನೆಯಲ್ಲಿ ಮಲಗಲು ನಿನಗೆ ಹೆದರಿಕೆಯಿದೆಯೇ ಎಂದು ಕೇಳಬೇಕು. ಇದು ಯಾರಿಗೂ ಹೊಳೆಯದ ಉಪಾಯವೇನಲ್ಲ. ಆದರೂ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಚಪ್ಪರದಡಿ ಮಾತಾಡುವವರೆಲ್ಲ ಹಿರಿಯರು, ಹುಡುಗಿ ಒಳಕೋಣೆಯಲ್ಲಿ. 1368ರ ಸಭೆಗೆ ತಿರುಕುಲದವರನ್ನೂ ಕರೆಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಸಭೆಯಲ್ಲಿ ಯಾರಿದ್ದಾರೆ ಎಂಬುದು ತೀರ್ಪಿನ ಅರ್ಧ ಭಾಗ.

ಬಾಲಮಂದಿರಕ್ಕೆ ಕಳಿಸಿಬಿಡುವುದು ಸುರಕ್ಷಿತ ಎಂದು ತೋರುತ್ತದೆ. ಸುರಕ್ಷಿತ ಯಾರಿಗೆ ಎಂಬುದು ಪ್ರಶ್ನೆ. ನಾಳೆ ಏನಾದರೂ ಆದರೆ ‘ನಾನು ಒಪ್ಪಿಸಿಬಿಟ್ಟಿದ್ದೆ’ ಎನ್ನಬಹುದು, ಹಾಗಾಗಿ ಕಾರ್ಯಕರ್ತೆಗೆ ಸುರಕ್ಷಿತ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ, ಮಗುವಿನ ಮಾತು ಕೇಳಬೇಕು ಎಂದೂ ಹೇಳುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಊರು, ಗೆಳತಿಯರು, ಪುಸ್ತಕ ಬಿಟ್ಟು ಬಾಲಮಂದಿರ ಸೇರಿದ ಹುಡುಗಿಗೆ, ತಪ್ಪು ಮಾಡಿದವಳು ತಾನೇ ಏನೋ ಎನ್ನಿಸದೆ ಇರುವುದು ಕಷ್ಟ. ಹಾಗೆಂದು ಮನೆಯಲ್ಲೇ ಬಿಟ್ಟರೆ ಹೊಡೆತವಿದ್ದರೆ? ಎರಡರಲ್ಲೂ ಕೇಡಿದೆ. ಯಾವುದು ಕಡಿಮೆ ಕೇಡು ಎಂಬುದನ್ನು ಆ ಮನೆ, ಆ ಅಪ್ಪ, ಆ ಅಜ್ಜಿಯನ್ನು ನೋಡಿಯೇ ಹೇಳಬೇಕು. ಅಜ್ಜಿ ಎಂದು ಬೇಕೆಂದೇ ಬರೆದೆ. ಇಂಥ ಮನೆಗಳಲ್ಲಿ ಮೊಮ್ಮಗಳ ಪರ ನಿಲ್ಲಬಲ್ಲ ಒಂದು ಮುದುಕಿ ಇರುವುದುಂಟು. ಅವಳನ್ನು ಗುರುತಿಸಿದ ಕಾರ್ಯಕರ್ತೆಗೆ ಅರ್ಧ ಕಾವಲು ಸಿಕ್ಕಿದ ಹಾಗೆ.

ಇನ್ನು ದುಡಿಯುವ ಮಕ್ಕಳ ಮಾತು. ಮಾಗಡಿ ಸೇರಿದ ರಾಮನಗರ ಜಿಲ್ಲೆ ಎಂದರೆ ರೇಷ್ಮೆ. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿದ್ದರೂ ಗೂಡಿನ ಮಾರುಕಟ್ಟೆಯ ಹೆಸರು ರಾಮನಗರದ್ದೇ. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಬೆರಳು ಅದ್ದಿ ಎಳೆ ಹುಡುಕುವ ಕೆಲಸಕ್ಕೆ, ಹುರಿ ಮಿಷನ್ನುಗಳ ನಡುವೆ ಓಡಾಡಿ ಕಡಿದ ನೂಲು ಕಟ್ಟುವ ಕೆಲಸಕ್ಕೆ ಒಂದು ಕಾಲದಲ್ಲಿ ಮಕ್ಕಳ ಕೈಯೇ ಒದಗುತ್ತಿತ್ತು. ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ತಂದ ವರದಿಯಲ್ಲಿ ಕರ್ನಾಟಕದ್ದೂ ಒಂದು ದೊಡ್ಡ ಪಾಲು. ಕಾರಣ ಬಹುತೇಕ ಒಂದೇ: ಅಪ್ಪನ ಕಾಯಿಲೆಗೋ ಅಕ್ಕನ ಮದುವೆಗೋ ಮಾಲೀಕನಿಂದ ಪಡೆದ ಮುಂಗಡ.

1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲ ಸತ್ತ ಸಾಲ, ತೀರಿಸಬೇಕಾಗಿಲ್ಲ. ಕಾರ್ಯಕರ್ತ ಇದನ್ನು ಕುಟುಂಬಕ್ಕೆ ಹೇಳಲೇಬೇಕು. ಹೇಳಿದ ಮೇಲೆ ಅವರ ಮುಖದಲ್ಲಿ ಸಂತೋಷ ಕಾಣಬೇಕೆಂದು ನಿರೀಕ್ಷಿಸುವುದು ಮಾತ್ರ ಅಮಾಯಕತನ. ಮುಂದಿನ ತಿಂಗಳು ಮಗುವಿಗೆ ಜ್ವರ ಬಂದರೆ ಕೈಗಡ ಕೊಡುವವನು ಮತ್ತೆ ಅದೇ ಮಾಲೀಕ, ಇದು ಅವರಿಗೆ ಗೊತ್ತು. ಸುಪ್ರೀಂ ಕೋರ್ಟು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿಗೆ ಈ ವಿಷಯ ಹೊಳೆದಿತ್ತು. ಅಪಾಯದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕ ಮಗುವಿಗೆ 20,000 ರೂಪಾಯಿ ಕಟ್ಟಬೇಕು, ಸರ್ಕಾರ ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಿಸಬೇಕು, ಆಗದಿದ್ದರೆ ತಾನೂ 5,000 ಸೇರಿಸಬೇಕು ಎಂದಿತು. ಮಗುವನ್ನು ಬಿಡಿಸಿದರೆ ಸಾಲದು, ಆ ಮಗು ತರುತ್ತಿದ್ದ ಕೂಲಿಯ ಜಾಗದಲ್ಲಿ ಏನಿಡುತ್ತೀರಿ ಎಂದು ಕೇಳಿದ ತೀರ್ಪದು. ಕಲ್ಯದ ಶಾಸನಕ್ಕೆ ಹೋಲಿಸಿದರೆ ಇಲ್ಲಿ ಒಂದು ಮುಖ್ಯ ತಿದ್ದುಪಡಿಯಿದೆ. ಹಣ ಕಟ್ಟಬೇಕಾದವನು ಕೆಡುಕು ಮಾಡಿದವನೇ.

ಮಕ್ಕಳನ್ನು ಬಿಡಿಸಲು ದಾಳಿ ನಡೆಸುವ ಉತ್ಸಾಹ, ಬಿಡುಗಡೆ ಪತ್ರಕ್ಕಾಗಿ ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯುವ ತಾಳ್ಮೆ, ಇವೆರಡೂ ಒಬ್ಬರಲ್ಲೇ ಇರುವುದು ಅಪರೂಪ. ದಾಳಿಯ ದಿನ ಕ್ಯಾಮೆರಾ ಇರುತ್ತದೆ. ಬಿಡುಗಡೆ ಪತ್ರವಿಲ್ಲದೆ ಪುನರ್ವಸತಿಯ ಪೂರ್ಣ ಹಣ ಕೈಸೇರುವುದು ಕಷ್ಟ. ಅದು ತಡವಾದಷ್ಟೂ ಬಿಡಿಸಿ ತಂದ ಹುಡುಗ ಹಳೆಯ ಮಿಷನ್ನಿಗೆ, ಇಲ್ಲವೇ ಇನ್ನೂ ದೂರದ ಮಿಷನ್ನಿಗೆ ಹೋಗುವ ಸಂಭವ ಹೆಚ್ಚು. ದಾಳಿಯ ದಿನಾಂಕ ಗೊತ್ತುಮಾಡುವ ಮೊದಲೇ ಈ ಅಲೆದಾಟಕ್ಕೆ ಆಳು, ಸಮಯ ಇದೆಯೇ ಎಂದು ನೋಡಿಕೊಳ್ಳುವುದು ಆಡಳಿತದ ಕೆಲಸವೆಂದು ತೋರಬಹುದು. ನನ್ನ ಪ್ರಕಾರ ಅದೇ ನೀತಿಯ ಪ್ರಶ್ನೆ.

ಇನ್ನೂ ಇಕ್ಕಟ್ಟಿನದು ಗುಟ್ಟಿನ ವಿಷಯ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಹದಿನೇಳರ ಹುಡುಗಿ ಗರ್ಭಿಣಿ. ಹುಡುಗ ಪಕ್ಕದ ಊರಿನವನು, ಹತ್ತೊಂಬತ್ತು ವರ್ಷ, ಅವಳು ಇಷ್ಟಪಟ್ಟವನು. “ಯಾರ್ಗೂ ಹೇಳ್ಬೇಡಿ ಅಕ್ಕ, ನಿಮ್ ಕಾಲಿಗ್ ಬೀಳ್ತೀನಿ” ಎಂದು ಆಶಾ ಕಾರ್ಯಕರ್ತೆಯ ಕೈ ಹಿಡಿಯುತ್ತಾಳೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಗೊತ್ತಿದ್ದವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ, ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆ. ಹದಿನೆಂಟರ ಕೆಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅಕ್ಕ ಸುಮ್ಮನಿದ್ದರೆ ಅಪರಾಧ. ಹೇಳಿದರೆ ಆ ಊರಿನ ಮುಂದಿನ ಹುಡುಗಿ ಆಸ್ಪತ್ರೆಗೆ ಬರುವ ಬದಲು ಕದ್ದು ಮಾತ್ರೆ ನುಂಗಬಹುದು.

ಇಲ್ಲಿ ಹೆಚ್ಚು ಎಡವುವುದು ಕಾನೂನು ತಿಳಿಯದವರಲ್ಲ, ಮನಸ್ಸು ಕರಗಿ ಮೊದಲೇ ಮಾತು ಕೊಟ್ಟುಬಿಡುವವರು. ‘ಯಾರಿಗೂ ಹೇಳಲ್ಲ ಕಣಮ್ಮ, ಹೇಳು’ ಎಂದು ಕೇಳಿಸಿಕೊಂಡ ಮೇಲೆ ಠಾಣೆಗೆ ಹೋದರೆ ಅದು ನಂಬಿಕೆದ್ರೋಹವೇ. ಕೇಳುವ ಮೊದಲೇ, ಕೆಲವು ಸಂಗತಿಗಳನ್ನು ನಾನು ಮುಚ್ಚಿಡುವಂತಿಲ್ಲ ಎಂದು ತಿಳಿಸಿ, ಆಮೇಲೆ ಎಷ್ಟು ಹೇಳಬೇಕೆಂಬುದನ್ನು ಅವಳಿಗೇ ಬಿಡುವುದು ಕಷ್ಟದ ದಾರಿ, ಆದರೆ ಪ್ರಾಮಾಣಿಕ ದಾರಿ. ನ್ಯಾಯಾಲಯಗಳೂ ಈ ಇಕ್ಕಟ್ಟಿಗೆ ಕಣ್ಣು ಮುಚ್ಚಿಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಕಿಂಡಿ ತೆರೆಯಿತು. ಗರ್ಭಪಾತ ಕೋರಿ ಬಂದ ಅಪ್ರಾಪ್ತೆ ಹಾಗೂ ಅವಳ ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ವರದಿಯ ಕರ್ತವ್ಯವೂ ಉಳಿಯಿತು, ಹುಡುಗಿಯ ಮಾನವೂ ಉಳಿಯಿತು. ಈ ಕಿಂಡಿ ಇದೆಯೆಂದು ತಿಳಿದ ಕಾರ್ಯಕರ್ತೆ ಹುಡುಗಿಗೆ ಕೊಡಬಹುದಾದ ಆಯ್ಕೆಗಳು, ತಿಳಿಯದವಳು ಕೊಡುವುದಕ್ಕಿಂತ ಹೆಚ್ಚು. ಕಾನೂನು ಓದಿಕೊಳ್ಳುವುದೂ ಅಂತಃಕರಣದ ಒಂದು ಭಾಗವೇ.

2025ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ನೋವಿನ ಮಾತು ಹೇಳಬೇಕಾಯಿತು. ಅಪ್ರಾಪ್ತೆಯಾಗಿದ್ದಾಗ ಮನೆ ಬಿಟ್ಟು ಹೋದ ಹುಡುಗಿ ಈಗ ದೊಡ್ಡವಳು, ಅದೇ ಗಂಡನೊಡನೆ ಮಗುವನ್ನು ಸಾಕುತ್ತಿದ್ದಾಳೆ. ಮನಶ್ಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳಿದ್ದ ತಜ್ಞರ ಸಮಿತಿ ಅವಳೊಂದಿಗೆ ಮಾತಾಡಿ ವರದಿ ಕೊಟ್ಟಿತು. ಅವಳನ್ನು ಹೆಚ್ಚು ನೋಯಿಸಿದ್ದು ಕಾನೂನು ಅಪರಾಧವೆಂದು ಕರೆದ ಆ ಸಂಗತಿಯಲ್ಲ, ಅದರ ನಂತರ ಪೊಲೀಸು, ಕೋರ್ಟು ಎಂದು ಗಂಡನನ್ನು ಬಿಡಿಸಿಕೊಳ್ಳಲು ಅವಳು ಪಟ್ಟ ಪಾಡು ಎಂದು ಪೀಠ ಒಪ್ಪಿತು. ತಪ್ಪಿತಸ್ಥನೆಂಬ ತೀರ್ಮಾನವನ್ನು ಉಳಿಸಿಕೊಂಡು, ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಶಿಕ್ಷೆ ಕೊಡದೆ ಬಿಟ್ಟಿತು. ಎಲ್ಲರೂ ತಮ್ಮ ತಮ್ಮ ಕರ್ತವ್ಯ ಮಾಡಿದ್ದರು, ಅವಳ ಬಾಳು ಮಾತ್ರ ಹಣ್ಣಾಯಿತು. ಇದನ್ನು ಎಲ್ಲ ಪೋಕ್ಸೊ ಪ್ರಕರಣಕ್ಕೂ ಹಚ್ಚಿ, ‘ಹುಡುಗಿಯೇ ಒಪ್ಪಿದ್ದಳು’ ಎನ್ನುವವರಿಗೆ ಆಯುಧ ಕೊಡುವುದೂ ಅಪಾಯ. ಹದಿಮೂರರ ಮಗುವೂ ‘ಇಷ್ಟಪಟ್ಟೆ’ ಎಂದು ಹೇಳಬಹುದು, ಹೇಳಿಸಿರಲೂಬಹುದು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ನಿಯಮ ಸಾಲದು, ಕಣ್ಣು ಬೇಕು.

ಆ ಕಣ್ಣನ್ನು ಯಾರು ತಿದ್ದುತ್ತಾರೆ? ವೈದ್ಯರಿಗೆ, ವಕೀಲರಿಗೆ ಇರುವಂಥ ಶಾಸನಬದ್ಧ ಪರಿಷತ್ತು ನಮ್ಮ ದೇಶದ ಸಮಾಜಕಾರ್ಯಕರ್ತರಿಗೆಲ್ಲ ಅನ್ವಯಿಸುವಂತೆ ಇಲ್ಲ. 1936ರಲ್ಲಿ ಮುಂಬೈಯಲ್ಲಿ ಟಾಟಾ ಸಂಸ್ಥೆ ಸಮಾಜಕಾರ್ಯದ ಮೊದಲ ಶಾಲೆ ತೆರೆಯಿತು, 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು, ಈಗ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಡಬ್ಲ್ಯೂ. ಇದೆ. ಸಮಾಜಕಾರ್ಯದ ಅಧ್ಯಾಪಕರ ವೇದಿಕೆಯೊಂದು 1997ರಲ್ಲಿ ನೀತಿಘೋಷಣೆ ಹೊರಡಿಸಿದ್ದೂ ಉಂಟು. 2021ರ ಆರೋಗ್ಯಸೇವಾ ವೃತ್ತಿಗಳ ಕಾಯ್ದೆ ವೈದ್ಯಕೀಯ, ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಹಳ್ಳಿ ಹಳ್ಳಿ ತಿರುಗುವ ಗುತ್ತಿಗೆ ನೌಕರರು ಹೊರಗೇ ಉಳಿದರು. ವರ್ಷ ವರ್ಷ ನವೀಕರಣವಾಗುವ ಕೆಲಸದಲ್ಲಿರುವವರಿಗೆ, ಮೇಲಧಿಕಾರಿಯ ಒತ್ತಡದ ಎದುರು ‘ಇಲ್ಲ’ ಎನ್ನುವುದು ಎಷ್ಟು ಕಷ್ಟ ಎಂಬುದನ್ನು ಯಾವ ನೀತಿಘೋಷಣೆಯೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇದಕ್ಕೆ ಹಳ್ಳಿಯ ನಂಟು ಬೇರೆ ಸೇರುತ್ತದೆ. ಹುರಿ ಮಿಷನ್ನಿನ ಮಾಲೀಕ ಕಾರ್ಯಕರ್ತನ ಮಾವನಿಗೆ ಬೀಗನಾಗಿರಬಹುದು. ಚಪ್ಪರ ಹಾಕಿದ ಮನೆ ತಮ್ಮದೇ ಜಾತಿಯದ್ದಾದರೆ ‘ನಮ್ಮೋರು, ಹೇಳಿದ್ರೆ ಕೇಳ್ತಾರೆ’ ಎಂಬ ಮೆದುತನ ಬರುತ್ತದೆ. ಬೇರೆ ಕೇರಿಯದ್ದಾದರೆ ಅದೇ ಬಾಯಿ ‘ಈ ಜನಾನೇ ಹಿಂಗೆ’ ಎನ್ನುತ್ತದೆ. ದೂರದಿಂದ ಬಂದವರಿಗೆ ಈ ನಂಟಿನ ತೊಡಕಿಲ್ಲ, ಆದರೆ ಮನೆಯಲ್ಲಿ ಅಜ್ಜಿ ಇದ್ದಾಳೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ನಂಟನ್ನು ಮುಚ್ಚಿಡದೆ ಫೈಲಿನಲ್ಲೇ ಬರೆದು, ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯುವುದೊಂದೇ ಸದ್ಯಕ್ಕೆ ಇರುವ ದಾರಿ. ಬಾಲನ್ಯಾಯ ಕಾಯ್ದೆ ರೂಪಿಸಿದವರಿಗೆ ಈ ಭಯ ಇದ್ದಿರಬೇಕು. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ತುರ್ತಿಗೆ ಮಗುವನ್ನು ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು, ಆದರೆ ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಇರಲೇಬೇಕು. ಒಬ್ಬರೇ ಒಳ್ಳೆಯವರಾಗಿದ್ದರೆ ಸಾಕು ಎಂದು ಕಾನೂನು ನಂಬಲಿಲ್ಲ.

ಕೊನೆಗೆ ಹಣದ ಮಾತು, ನಮ್ಮ ನೀತಿಶಾಸ್ತ್ರದ ತರಗತಿಗಳು ಮುಟ್ಟಲು ಹಿಂಜರಿಯುವ ಮಾತು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗು ಸಂಸ್ಥೆ ಸೇರದೆ ಮನೆಯಲ್ಲೇ ಉಳಿದು ಓದಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಎಂದರೆ ತಿಂಗಳಿಗೆ 6,000. ಗಂಡ ತೀರಿಕೊಂಡು ರೀಲಿಂಗ್ ಕೂಲಿಗೆ ಹೋಗುವ ತಾಯಿಯೊಬ್ಬಳ ದುಡಿಮೆ, ಕೆಲಸ ಸಿಕ್ಕ ತಿಂಗಳುಗಳಲ್ಲಿ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ, ಸಿಗದ ತಿಂಗಳಲ್ಲಿ ಸೊನ್ನೆಗೆ ಇಳಿಯುತ್ತದೆ. ಸಾಮಾಜಿಕ ತನಿಖಾ ವರದಿ ಬರೆಯುತ್ತಿರುವ ಕಾರ್ಯಕರ್ತೆಗೆ ಎಲ್ಲವೂ ಕಾಣುತ್ತಿದೆ. ಆದಾಯ ಸ್ವಲ್ಪ ಕಡಿಮೆ ಬರೆದರೆ ಮಗಳು ಓದು ಮುಂದುವರಿಸುತ್ತಾಳೆ, ಮದುವೆಯ ಮಾತು ವರ್ಷ ಮುಂದಕ್ಕೆ ಹೋಗುತ್ತದೆ. ‘ಬರೀರಿ ಮೇಡಂ, ಯಾರು ನೋಡ್ತಾರೆ’ ಎಂದು ಗುಮಾಸ್ತರೂ ಧೈರ್ಯ ಹೇಳುತ್ತಾರೆ.

ನಾನು ಕಂಡುಕೊಂಡ ಮಟ್ಟಿಗೆ ಹೇಳುವುದಾದರೆ ಕಡಿಮೆ ಬರೆಯಬಾರದು. ಸುಳ್ಳು ಆದಾಯಪತ್ರ ಹೊರಬಿದ್ದ ದಿನ ಮೊದಲು ನಿಲ್ಲುವುದು ಆ ತಾಯಿಯ ಹಣ, ಕಾರ್ಯಕರ್ತೆಯ ಸಂಬಳವಲ್ಲ. ಆದರೆ ‘ಆದಾಯ ಮಿತಿ ಮೀರಿದೆ’ ಎಂದು ಒಂದು ಸಾಲು ಗೀಚಿ ಫೈಲು ಮುಚ್ಚುವುದೂ ಸಲ್ಲದು. ಯಾವ ತಿಂಗಳು ಎಷ್ಟು ದಿನ ಕೆಲಸವಿತ್ತು, ಕೈಗಡ ಎಷ್ಟಿದೆ, ಬಾಡಿಗೆ ಎಷ್ಟು ಎಂದು ತಿಂಗಳವಾರು ಲೆಕ್ಕ ಬರೆದು, ವರ್ಷದ ನಿಜವಾದ ಮೊತ್ತ ಗೆರೆಯ ಒಳಗಿದೆಯೇ ಎಂದು ಕೂಡಿ ನೋಡಬೇಕು. ಕೂಡಿದರೂ ಮೀರಿದರೆ ಹಾಗೆಯೇ ಬರೆದು, ವಿದ್ಯಾರ್ಥಿನಿಲಯ, ವಿಧವಾ ವೇತನ, ವಿದ್ಯಾರ್ಥಿವೇತನ, ಇವುಗಳಲ್ಲಿ ಯಾವುದಕ್ಕೆ ಯಾರು ಯಾವ ತಾರೀಕಿನೊಳಗೆ ಅರ್ಜಿ ಹಾಕಿಸುತ್ತಾರೆ ಎಂಬುದನ್ನು ಹೆಸರು ಸಮೇತ ಅದೇ ವರದಿಯಲ್ಲಿ ನಮೂದಿಸಬೇಕು. ಆ ಹೆಸರಿನವರು ಮುಂದಿನ ತಿಂಗಳು ಸಮಿತಿಯ ಮುಂದೆ ಬಂದು ಏನಾಯಿತೆಂದು ಹೇಳಬೇಕು. ಬಂದಿಲ್ಲವಾದರೆ ಏಕೆಂದು ಕೇಳುವ ಸದಸ್ಯರೊಬ್ಬರಾದರೂ ಅಲ್ಲಿ ಕುಳಿತಿರಬೇಕು.